ಗೇರುಗುಡ್ಡೆಗೆ ಯಾವ ಬ್ಲೋವರ್?

ಬೀಜ ಹೆಕ್ಕುವುದಕ್ಕಿಂತ ತರಗೆಲೆ ಸರಿಸುವುದಕ್ಕೇ ಹೊತ್ತು ಹೋಗುತ್ತದೆ ಎಂಬುದು ಕರಾವಳಿಯ ಗೇರು ಬೆಳೆಗಾರರ ಹಳೆಯ ದೂರು. ಹಿಡಿಸೂಡಿ ಹಿಡಿದು ಗುಡ್ಡೆ ಗುಡಿಸುವ ಆಳುಗಳು ಈಗ ಸಿಗುವುದೂ ಕಷ್ಟ. ಹೀಗಾಗಿ ಬೆನ್ನಿಗೆ ಹೊರುವ ಪೆಟ್ರೋಲ್ ಬ್ಲೋವರ್ ತೋಟಗಳಿಗೆ ಬರುತ್ತಿದೆ. ಕೊಳ್ಳಲು ಹೋದರೆ ಅಂಗಡಿಯವರು ಮೊದಲು ಹೇಳುವುದು ಗಾಳಿಯ ವೇಗವನ್ನು. ಅಷ್ಟನ್ನೇ ನಂಬಿ ದುಡ್ಡು ಕೊಡಬೇಡಿ.

ವೇಗ ಹೆಚ್ಚಿಸಲು ಪೈಪಿನ ಬಾಯಿ ಕಿರಿದು ಮಾಡಿದರೆ ಸಾಕು. ಆದರೆ ಗೇರಿನ ಎಲೆ ದಪ್ಪ, ಒಂದರ ಮೇಲೊಂದು ಚಪ್ಪಟೆಯಾಗಿ ಹಾಸಿಕೊಂಡಿರುತ್ತದೆ. ಕಿರಿದಾದ ಗಾಳಿ ಅದರಲ್ಲಿ ಒಂದು ಗೀರು ಎಳೆಯುತ್ತದೆಯೇ ಹೊರತು ರಾಶಿಯನ್ನು ತಳ್ಳುವುದಿಲ್ಲ. ತಳ್ಳಲು ವೇಗದ ಜೊತೆ ಗಾಳಿಯ ಪ್ರಮಾಣವೂ ಬೇಕು. ಎರಡನ್ನೂ ಕೂಡಿಸಿ ನೋಡಲು ಸುಲಭದ ಲೆಕ್ಕವೊಂದಿದೆ: ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ಎಂಬುದನ್ನು ಸೆಕೆಂಡಿಗೆ ಎಷ್ಟು ಮೀಟರ್ ವೇಗ ಎಂಬುದರಿಂದ ಗುಣಿಸಿ, 50ರಿಂದ ಭಾಗಿಸಿ. ಬರುವ ಉತ್ತರ ನ್ಯೂಟನ್‌ಗಳಲ್ಲಿ ತಳ್ಳುವ ಬಲ. 90 ಮೀಟರ್ ವೇಗದಲ್ಲಿ 12 ಘನ ಮೀಟರ್ ಊದುವ ಯಂತ್ರಕ್ಕೆ 22 ನ್ಯೂಟನ್ ಕೂಡ ಪೂರ್ತಿ ಬಾರದು. 75 ಮೀಟರ್ ವೇಗದ್ದೇ ಆದರೂ 25 ಘನ ಮೀಟರ್ ಊದುವುದಕ್ಕೆ 37 ದಾಟುತ್ತದೆ. ಡಬ್ಬದ ಮೇಲೆ ಸಿಎಫ್‌ಎಂ ಎಂದಿದ್ದರೆ 35ರಿಂದ, ಗಂಟೆಗೆ ಕಿಲೋಮೀಟರ್ ಎಂದಿದ್ದರೆ 3.6ರಿಂದ ಭಾಗಿಸಿಕೊಳ್ಳಿ. ಕೆಲವು ಕಂಪನಿಗಳು ಪೈಪ್ ಜೋಡಿಸದೆ ಅಳೆದ ಪ್ರಮಾಣವನ್ನು ಮುದ್ರಿಸುತ್ತವೆ. ಆಗ ಲೆಕ್ಕ ಉಬ್ಬಿ ಕಾಣುತ್ತದೆ, ಪೈಪಿನ ತುದಿಯಲ್ಲಿ ಅಳೆದದ್ದು ಎಷ್ಟೆಂದು ಕೇಳಿ.

ಸಾಮಾನ್ಯವಾಗಿ 50 ಸಿಸಿ ಯಂತ್ರ 20ರ ಆಸುಪಾಸು, 65 ಸಿಸಿಯದು 30ರ ಆಸುಪಾಸು, 75–80 ಸಿಸಿಯದು 40 ನ್ಯೂಟನ್ ಕೊಡುತ್ತದೆ. ಹಾಗೆಂದು ಎಲ್ಲರೂ ದೊಡ್ಡದನ್ನೇ ಕೊಳ್ಳಬೇಕಿಲ್ಲ. ದೊಡ್ಡದು ಪೆಟ್ರೋಲ್ ತುಂಬಿದ ಮೇಲೆ 12 ಕೆಜಿ ದಾಟುತ್ತದೆ. ಅದರ ಮೇಲೆ 40 ನ್ಯೂಟನ್ ಎಂದರೆ ಸುಮಾರು 4 ಕೆಜಿ ಭಾರದಷ್ಟು ಬಲ ಪೈಪನ್ನು ಹಿಂದಕ್ಕೆ ದೂಡುತ್ತಿರುತ್ತದೆ. ಜಾರುವ ಗುಡ್ಡೆಯಲ್ಲಿ ಇದು ತಮಾಷೆಯ ಮಾತಲ್ಲ. ಒಂದೆರಡು ಎಕರೆಯ ಇಳಿಜಾರು ತೋಟಕ್ಕೆ 65 ಸಿಸಿ ಸಾಕೆಂಬುದು ನನ್ನ ಅಭಿಪ್ರಾಯ. ಅಂಗಡಿಯಲ್ಲೇ ಬೆನ್ನಿಗೇರಿಸಿ ಸ್ಟಾರ್ಟ್ ಮಾಡಿ, ಪೂರ್ತಿ ಎಕ್ಸಿಲರೇಟರ್ ಕೊಟ್ಟು ಐದು ನಿಮಿಷ ನಿಲ್ಲಿ. ಸೊಂಟದ ಪಟ್ಟಿಯಿಲ್ಲದೆ ಭಾರವೆಲ್ಲ ಹೆಗಲಿಗೇ ಬಿದ್ದರೆ, ಮಣಿಕಟ್ಟು ತಿರುಚಿಕೊಂಡರೆ, ಆ ಯಂತ್ರ ಬೇಡ.

ಇಂಜಿನ್ನಿನ ವಿಚಾರದಲ್ಲಿ ಗೊಂದಲ ಜಾಸ್ತಿ. ಟೂ ಸ್ಟ್ರೋಕ್ ಹಗುರ, ಆದರೆ ಪೆಟ್ರೋಲಿಗೆ ಆಯಿಲ್ ಬೆರೆಸಲೇಬೇಕು. 50:1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 25:1 ಎಂದಿದ್ದರೆ 40 ಮಿ.ಲೀ. ಸ್ಟಿಲ್ ಬಿಆರ್ 600ರಲ್ಲಿ ಫೋರ್ ಸ್ಟ್ರೋಕಿನಂತೆ ವಾಲ್ವ್‌ಗಳಿದ್ದರೂ ಅದಕ್ಕೂ ಮಿಶ್ರಣವೇ ಬೇಕು. ಮಕಿಟಾದ 75.6 ಸಿಸಿಯ ಇಬಿ 7660 ಅಪ್ಪಟ ಫೋರ್ ಸ್ಟ್ರೋಕ್, ಬರೀ ಪೆಟ್ರೋಲ್ ಸಾಕು. ಇಂಜಿನ್ ಆಯಿಲ್ ಬೇರೆ ಹಾಕಿ, ಆಗಾಗ ಬದಲಿಸಬೇಕು. ಯಂತ್ರ ಹಲವರ ಕೈಗೆ ಹೋಗುವ ಮನೆಯಾದರೆ ಇದೇ ವಾಸಿ. ಆಯಿಲ್ ಬೆರೆಸದ ಪೆಟ್ರೋಲನ್ನು ಟೂ ಸ್ಟ್ರೋಕಿಗೆ ಒಮ್ಮೆ ಸುರಿದರೂ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಯಾವುದೇ ಆಗಲಿ, ಡಯಾಫ್ರಾಮು, ಏರ್ ಫಿಲ್ಟರು, ಸ್ಟಾರ್ಟರ್ ಹಗ್ಗ ಹತ್ತಿರದ ಪೇಟೆಯಲ್ಲಿ ಸಿಗುತ್ತವೆಯೇ ಎಂದು ವಿಚಾರಿಸಿ. ಬೀಜ ಬೀಳುವ ಏಪ್ರಿಲಿನಲ್ಲಿ ಯಂತ್ರ ಮೂಲೆ ಸೇರಿದರೆ ಆ ವರ್ಷಕ್ಕೆ ಅದು ಇದ್ದೂ ಇಲ್ಲದಂತೆ.

ಔಷಧಿ ಹೊಡೆಯುವ ಮಿಸ್ಟ್ ಬ್ಲೋವರ್ ಮನೆಯಲ್ಲಿದೆಯೇ? ಟ್ಯಾಂಕ್ ಖಾಲಿ ಮಾಡಿ, ತೊಳೆದು, ಮೊದಲು ಅದರಲ್ಲೇ ಊದಿ ನೋಡಿ. ಅಂಗಳಕ್ಕೂ ಅಡಕೆ ತೋಟದ ದಾರಿಗೂ ಎಷ್ಟೋ ಕಡೆ ಅಷ್ಟೇ ಸಾಕಾಗುತ್ತದೆ. ಅಂದಹಾಗೆ ಅಡಕೆಯ ಸೋಗೆ, ಹಾಳೆಗಳನ್ನು ಯಾವ ಬ್ಲೋವರೂ ಕದಲಿಸದು, ಅವನ್ನು ಕೈಯಲ್ಲೇ ಹೆಕ್ಕಬೇಕು.

ಎಲೆ ಊದುವುದನ್ನು ಬೀಜ ಬೀಳುವ ಮೊದಲೇ ಮುಗಿಸಿ. ಬಿದ್ದ ಮೇಲೆ ಪೂರ್ತಿ ವೇಗ ಕೊಟ್ಟರೆ ಎಲೆಯ ಜೊತೆ ಬೀಜವೂ ಇಳಿಜಾರಿನಲ್ಲಿ ಉರುಳಿ ಹೋಗುತ್ತದೆ. ಎಕ್ಸಿಲರೇಟರ್ ಇಳಿಸಿ, ಎಲೆ ಏಳಬೇಕು, ಬೀಜ ಕದಲಬಾರದು ಎಂಬ ಹದ ಹುಡುಕಿ. ಈ ಹದಕ್ಕೆ ನಿಲ್ಲದೆ, ಕಡಿಮೆ ವೇಗದಲ್ಲಿ ಆಫ್ ಆಗುವ ಯಂತ್ರ ಗೇರಿಗೆ ಲಾಯಕ್ಕಲ್ಲ. ಇಬ್ಬನಿ ಆರಿದ ಮೇಲೆ, ಕಡಲ ಗಾಳಿ ಜೋರಾಗುವ ಮುಂಚೆ ಊದಿದರೆ ಪೆಟ್ರೋಲ್ ಉಳಿಯುತ್ತದೆ. ಪೂರ್ತಿ ವೇಗದಲ್ಲಿ ಒಂದೂವರೆ ಲೀಟರಿನ ಟ್ಯಾಂಕು ಗಂಟೆಯ ಹೊತ್ತಿಗೆ ಬರಿದಾಗುತ್ತದೆ. ಎಲೆಯನ್ನು ತೋಟದಾಚೆ ಹಾರಿಸದೆ ಬುಡಕ್ಕೆ ಒಟ್ಟಿ. ಬೋಳಾದ ಗುಡ್ಡೆಯ ಮೇಲ್ಮಣ್ಣು ಮೊದಲ ಮಳೆಗೇ ತೋಡಿಗೆ ಹೋಗುತ್ತದೆ.

ಸದ್ದು ಕಿವಿಯ ಬಳಿ 100 ಡೆಸಿಬಲ್ ತಲುಪುತ್ತದೆ, ಹತ್ತಿ ತುರುಕಿದರೆ ಸಾಲದು, ಇಯರ್ ಮಫ್ ಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ. ಮಂಗನ ಕಾಯಿಲೆ ಕಂಡ ಊರಾದರೆ ಅದನ್ನು ಹರಡುವ ಉಣುಗು ಇರುವುದು ಇದೇ ತರಗೆಲೆಯಲ್ಲಿ, ಉಣುಗು ಕಚ್ಚದಂತೆ ತಡೆಯುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚದೆ ಇಳಿಯಬೇಡಿ. ಬಿಸಿ ಸೈಲೆನ್ಸರ್ ಇರುವ ಯಂತ್ರವನ್ನು ಎಲೆರಾಶಿಯ ಮೇಲೆ ಇಡಲೇಬಾರದು.

ಈಗಿನ ಪೆಟ್ರೋಲಿನಲ್ಲಿ ಎಥನಾಲ್ 20 ಪ್ರತಿಶತದವರೆಗೂ ಇರುತ್ತದೆ. ಅದು ತೇವ ಹೀರಿಕೊಂಡು ಕಾರ್ಬುರೇಟರಿನ ರಬ್ಬರ್ ಭಾಗಗಳನ್ನು ಕೆಡಿಸುತ್ತದೆ. ಆ ಪೆಟ್ರೋಲ್ ನಡೆಯುತ್ತದೆಯೇ ಎಂದು ಕೈಪಿಡಿಯಲ್ಲಿ ನೋಡಿಯೇ ಯಂತ್ರ ಕೊಳ್ಳಿ. ಮಿಶ್ರಣವನ್ನು ವಾರಕ್ಕೆ ಬೇಕಾದಷ್ಟೇ ಮಾಡಿಕೊಳ್ಳಿ. ಮಳೆಗಾಲಕ್ಕೆ ಅಟ್ಟಕ್ಕೇರಿಸುವ ಮುಂಚೆ ಟ್ಯಾಂಕ್ ಬರಿದು ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಬಿಡಿ.