ಜಾಮಖೇಡದ ಆರೋಗ್ಯ ಸೇವಕಿಯರು

ರೋಗವು ಹಳ್ಳಿಯಲ್ಲಿ, ವೈದ್ಯನು ಪಟ್ಟಣದಲ್ಲಿ. ನಡುವಣ ದಾರಿಯನ್ನು ಬಡವನು ದಾಟುವದು ಹೇಗೆ? ಈ ಪ್ರಶ್ನೆಗೆ ಮಹಾರಾಷ್ಟ್ರದ ಜಾಮಖೇಡದಲ್ಲಿ ದೊರೆತ ಉತ್ತರವನ್ನು ಪ್ರಿಯ ಓದುಗರು ಈ ಪಾಠದಲ್ಲಿ ವಿಚಾರಿಸಿ ನೋಡಬೇಕು.

ಜಾಮಖೇಡವು ಅಹಮದನಗರ ಜಿಲ್ಲೆಯ (2024ರಿಂದ ಅಹಿಲ್ಯಾನಗರವೆಂದು ಹೆಸರು) ಬರಪೀಡಿತ ಸೀಮೆಯಲ್ಲಿರುವ ಊರು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಕಲಿತ ರಜನೀಕಾಂತ ಆರೋಳೆಯವರೂ ಅವರ ಪತ್ನಿ ಮೇಬೆಲ್ ಆರೋಳೆಯವರೂ 1970ರಲ್ಲಿ ಅಲ್ಲಿಗೆ ಬಂದರು. ಅದಕ್ಕೆ ಮುಂಚೆ ಮಿಶನ್ ಆಸ್ಪತ್ರೆಯೊಂದರಲ್ಲಿ ದುಡಿಯುತ್ತಿದ್ದಾಗ ಅವರು ಕಂಡದ್ದೇನಂದರೆ, ಆಸ್ಪತ್ರೆಯಲ್ಲಿ ವಾಸಿಯಾದ ಮಗುವು ಅದೇ ಕೊಳಕು ನೀರಿಗೂ ಅದೇ ಹಸಿವಿಗೂ ಹೋಗಿ ಸೇರಿ, ಸ್ವಲ್ಪ ಕಾಲದಲ್ಲಿ ಅದೇ ರೋಗದಿಂದ ತಿರಿಗಿ ಬರುವದು. ಮಂಚಗಳನ್ನು ಹೆಚ್ಚಿಸುವದರಿಂದ ಇದು ತೀರುವದಿಲ್ಲವೆಂದು ಅವರು ತಿಳಿದುಕೊಂಡರು.

ಮೊದಲು ತರಬೇತಾದ ದಾದಿಯರನ್ನು ಹಳ್ಳಿಗಳಿಗೆ ಕಳುಹಿಸಿದರು. ಅದು ನಡೆಯಲಿಲ್ಲ. ಪರಸ್ಥಳದ ಎಳೆಯ ಹೆಣ್ಣುಮಗಳು ಒಂಟಿಯಾಗಿ ಹಳ್ಳಿಯಲ್ಲಿ ಇರುವದೂ ಕಷ್ಟ, ಜನರು ಅವಳ ಮಾತನ್ನು ಕೇಳುವದೂ ಕಷ್ಟ. ಆಗ ಆಯಾ ಹಳ್ಳಿಯವರು ತಮ್ಮೊಳಗಿನ ಒಬ್ಬ ಹೆಂಗಸನ್ನೇ ಆರಿಸಿಕೊಡುವ ಏರ್ಪಾಡಾಯಿತು. ಹೀಗೆ ಬಂದವರಲ್ಲಿ ಅನೇಕರಿಗೆ ಅಕ್ಷರವೇ ಬಾರದು. ಅನೇಕರು ಅಸ್ಪೃಶ್ಯರೆನಿಸಿಕೊಂಡ ಜಾತಿಗಳವರು. ಅವರು ಜಾಮಖೇಡಕ್ಕೆ ಬಂದು ಮಾತುಕತೆಯಿಂದಲೂ ಹಾಡಿನಿಂದಲೂ ಕಲಿತರು. ಬಸುರಿಯನ್ನು ಪರೀಕ್ಷಿಸುವದು, ಶುಚಿಯಾಗಿ ಹೆರಿಗೆ ಮಾಡಿಸುವದು, ಮಗುವಿನ ತೂಕ ನೋಡುವದು, ಕುಷ್ಠ ಮತ್ತು ಕ್ಷಯದ ಗುರುತುಗಳನ್ನು ಮುಂಚಿತವಾಗಿ ಕಂಡುಹಿಡಿಯುವದು, ಇವೆಲ್ಲಾ ಅವರಿಗೆ ಸಾಧ್ಯವಾದವು. ಹೊಸ್ತಿಲಿನ ಹೊರಗೆ ನಿಲ್ಲಿಸಲ್ಪಡುತ್ತಿದ್ದವಳನ್ನು ಹೆರಿಗೆಯ ಕೋಣೆಗೆ ಕರೆಯುವದು ಸಣ್ಣ ಸಂಗತಿಯೋ? 1970ರ ದಶಕದ ಆರಂಭದ ಬರಗಾಲದಲ್ಲಿ ಕೊಳವೆ ಬಾವಿಗಳನ್ನು ತೋಡಿಸುವಾಗಲೂ ಆರೋಳೆಯವರು ದಲಿತರ ಕೇರಿಗಳಲ್ಲಿ ಸ್ಥಳ ನೋಡಿದರು; ನೀರು ಬೇಕಾದ ಮೇಲ್ಜಾತಿಯವರು ಅಲ್ಲಿಗೇ ಬರಬೇಕಾಯಿತು.

ಈ ಸೇವಕಿಯರು ಕಲಿಸಿದವುಗಳಲ್ಲಿ ಒಂದನ್ನು ಪ್ರತಿಯೊಬ್ಬ ತಾಯಿಯೂ ಬಾಯಿಪಾಠ ಮಾಡತಕ್ಕದ್ದು. ಭೇದಿಯಾದ ಮಗುವು ಸಾಯುವದು ಹೆಚ್ಚಾಗಿ ಮೈಯ ನೀರು ಬತ್ತುವದರಿಂದಲೇ. ಆದರೂ ನೀರು ಕುಡಿಸಿದರೆ ಭೇದಿ ಹೆಚ್ಚುವದೆಂದು ನೀರನ್ನೇ ತಪ್ಪಿಸುವ ವಾಡಿಕೆ ಉಂಟು. ಇದು ಕೇವಲ ಅಪಾಯ. ಕಾಯಿಸಿ ಆರಿಸಿದ 1 ಲೀಟರು ನೀರಿಗೆ ಮಟ್ಟಸವಾಗಿ 6 ಚಹಾ ಚಮಚ ಸಕ್ಕರೆಯನ್ನೂ ಅರ್ಧ ಚಹಾ ಚಮಚ ಉಪ್ಪನ್ನೂ ಕರಗಿಸಿ, ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಾ ಇರಬೇಕು. ಕರುಳು ಸಕ್ಕರೆಯ ಸಂಗಡ ಉಪ್ಪನ್ನೂ, ಅವುಗಳ ಹಿಂದೆ ನೀರನ್ನೂ ಒಳಗೆ ಎಳೆದುಕೊಳ್ಳುತ್ತದೆ. ಉಪ್ಪು ಅಳತೆ ಮೀರಬಾರದು. ಎದೆಹಾಲನ್ನು ನಿಲ್ಲಿಸಬಾರದು. ಮಗುವು ಮಂಕಾಗಿ ಬಿದ್ದರೆ, ಕುಡಿಯಲಾರದೆ ಹೋದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಆರೋಳೆ ದಂಪತಿಗಳಿಗೆ 1979ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಮೇಬೆಲ್‌ರವರು 1999ರಲ್ಲಿಯೂ ರಜನೀಕಾಂತರು 2011ರಲ್ಲಿಯೂ ತೀರಿಕೊಂಡರು, ಸಂಸ್ಥೆಯು ನಡೆಯುತ್ತಿದೆ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ನಮ್ಮ ಕರ್ನಾಟಕದ ಹಳ್ಳಿಗಳಿಗೂ ಆಶಾ ಕಾರ್ಯಕರ್ತೆಯರು ಬಂದಿದ್ದಾರೆ. ಇವರೂ ಅದೇ ಊರಿನ ಹೆಂಗಸರೇ. ಆದರೆ ಇವರಿಗೆ ಶಾಲೆಯ ಓದು ಬೇಕೆಂಬ ನಿಯಮವುಂಟು. ಜಾಮಖೇಡದ ಮೊದಲಿನ ಸೇವಕಿಯರಲ್ಲಿ ಎಷ್ಟೋ ಮಂದಿ ಈ ನಿಯಮದಿಂದ ಬಾಗಿಲಲ್ಲಿಯೇ ಹಿಂದಿರುಗಬೇಕಾಗುತ್ತಿತ್ತು. ಮೇಲೆ ಹೇಳಿದ ಉಪ್ಪು ಸಕ್ಕರೆಯನ್ನು ಮನೆಯಲ್ಲಿ ಅಳೆಯಲು ಅಂಜುವವರು ಆಶಾ ಕಾರ್ಯಕರ್ತೆಯನ್ನು ಓ.ಆರ್.ಎಸ್. ಪೊಟ್ಟಣಕ್ಕಾಗಿ ಕೇಳಬಹುದು. ಅದಕ್ಕೆ ಹಣ ಕೊಡಬೇಕಾಗಿಲ್ಲ.