ನಮ್ಮೂರ ಎಫ್‌ಎಂ ನಮ್ಮದಾಗಿ ಉಳಿಯಬೇಕಾದರೆ

ಕೊಡಗಿನ ಸಿದ್ದಾಪುರದ ಸುತ್ತಲಿನ ತೋಟ, ತೋಟದ ಕೆಲಸಗಾರರ ಲೈನ್ ಮನೆ, ಆದಿವಾಸಿಗಳ ಹಾಡಿಗಳಲ್ಲಿ ಜನರ ಮಾತು ಧ್ವನಿಮುದ್ರಿಸುತ್ತ, ನೈಮಿತ್ತಿಕ ಉದ್ಘೋಷಕನಾಗಿ ಮೈಕಿನ ಮುಂದೆ ಕೂರುತ್ತ ಬಂದವನು ನಾನು. ರೇಡಿಯೊ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಹೇಳಬೇಕೆನಿಸಿದ್ದು ಇಷ್ಟು.

1. ಗುಡ್ಡವನ್ನು ನೆನಪಿನಲ್ಲಿಟ್ಟು ಮಾತಾಡಿ.
ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ದಾರಿಯಲ್ಲೇ ಸಾಗುತ್ತದೆ. ಮಡಿಕೇರಿ ಆಕಾಶವಾಣಿಯ 103.1 ಏರಿನ ಮೇಲೆ ಸ್ಪಷ್ಟವಾಗಿ ಕೇಳಿದರೂ ಅದೇ ತೋಟದ ತಗ್ಗಿನಲ್ಲಿ ಗೊರಗೊರ ಎನ್ನಬಹುದು. ಮುಖ್ಯ ವಿಷಯವನ್ನು ಎರಡು ಸಲ ಹೇಳಿ. ಊರಿನ ಹೆಸರು ಮೊದಲೇ ಬರಲಿ. ಕರಡಿಗೋಡು, ಗುಹ್ಯ, ನೆಲ್ಲಿಹುದಿಕೇರಿ ಎಂದು ಕಿವಿಗೆ ಬಿದ್ದರೆ ಕೆಲಸದಲ್ಲಿದ್ದವರೂ ನಿಂತು ಕೇಳುತ್ತಾರೆ.

2. ಮಾತನ್ನು ತಿದ್ದಿ ನುಣುಪು ಮಾಡಬೇಡಿ.
1993ರಲ್ಲಿ ಶುರುವಾದ ಮಡಿಕೇರಿ ಕೇಂದ್ರ ಕನ್ನಡದ ಜೊತೆ ಕೊಡವ, ಅರೆಭಾಷೆಗಳಿಗೂ ಜಾಗ ಕೊಟ್ಟಿತು. ನಮ್ಮ ಪೇಟೆಯಲ್ಲಿ ಮಲಯಾಳ, ತಮಿಳು, ತುಳು ಕೂಡ ದಿನನಿತ್ಯದ ಮಾತು. ಹಾಡಿಗಳಲ್ಲಿ ಯರವರ, ಕುರುಬರ ನುಡಿ. ಯರವ ಅಜ್ಜಿಯನ್ನು ಕನ್ನಡದಲ್ಲೇ ಮಾತಾಡಿಸಿದರೆ ಎರಡೇ ಮಾತಿಗೆ ಮುಗಿಸುತ್ತಾರೆ. ಅವರ ನುಡಿಯಲ್ಲೇ ಬಿಡಿ, ಸಾರಾಂಶವನ್ನು ನೀವು ಕನ್ನಡದಲ್ಲಿ ಹೇಳಿ.

3. ಕಾರ್ಯಕ್ರಮ ಯಾಕೆ ಬದಲಾಯಿತೆಂದು ತಿಳಿಯಲು ಮಾಲೀಕರ ಲೆಕ್ಕ ನೋಡಿ.
ದೇಶದ ಮೊದಲ ಖಾಸಗಿ ಎಫ್‌ಎಂ ರೇಡಿಯೊ ಸಿಟಿ, 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. 2015ರಲ್ಲಿ ಜಾಗರಣ್ ಸಮೂಹದ ಕೈಗೆ ಹೋಯಿತು. ಆರಂಭದ ನಿಗದಿತ ಪರವಾನಗಿ ಶುಲ್ಕದ ಭಾರಕ್ಕೆ ಕಂಪನಿಗಳು ಬಳಲಿದವು. 2005ರ ನೀತಿ ಅದನ್ನು ಆದಾಯದ ಪಾಲಿಗೆ ಬದಲಿಸಿತು. ಆದರೂ ನಡೆಸುವುದು ಜಾಹೀರಾತಿನ ಹಣವೇ. ಖರ್ಚು ಉಳಿಸಲು ಒಂದು ಊರಿನ ಸ್ಟುಡಿಯೊದಲ್ಲಿ ಮಾಡಿದ್ದು ಹಲವು ಊರುಗಳಲ್ಲಿ ಕೇಳುತ್ತದೆ. ಖಾಸಗಿ ಎಫ್‌ಎಂ ಪರವಾನಗಿಯ 2011ರ ಮೂರನೇ ಹಂತವೂ ಮುಖ್ಯವಾಗಿ ಲಕ್ಷ ಜನಸಂಖ್ಯೆ ಮೀರಿದ ನಗರಗಳಿಗೆ. 2011ರ ಜನಗಣತಿಯಲ್ಲಿ ಮಡಿಕೇರಿಯ ಜನಸಂಖ್ಯೆ ಸುಮಾರು 33 ಸಾವಿರ. ಮಾರುಕಟ್ಟೆ ನಮ್ಮನ್ನು ಹುಡುಕಿಕೊಂಡು ಬರುತ್ತದೆಂದು ಕಾಯಬಾರದು.

4. ಸುದ್ದಿಗೆ ಅನುಮತಿ ಇಲ್ಲವೆಂದು ಸುಮ್ಮನಿರಬೇಡಿ.
ಖಾಸಗಿ ಎಫ್‌ಎಂ ಸ್ವಂತ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಬಿತ್ತರಿಸಬಹುದು. ಹವಾಮಾನ, ಸಂಚಾರ, ಪ್ರಕೃತಿ ವಿಕೋಪದ ಮಾಹಿತಿಗೆ ಮೂರನೇ ಹಂತದ ನಿಯಮವೇ ದಾರಿ ಬಿಟ್ಟಿದೆ. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಲಿಹುದಿಕೇರಿಯ ಮನೆಗಳು ಮುಳುಗಿದವು. ಅಂಥ ಹೊತ್ತಿನಲ್ಲಿ ಕರೆಂಟು, ಮೊಬೈಲ್ ಎರಡನ್ನೂ ನಂಬುವಂತಿಲ್ಲ, ಸೆಲ್ ಹಾಕಿದ ರೇಡಿಯೊ ನಡೆಯುತ್ತದೆ. ಯಾವ ರಸ್ತೆ ಬಂದ್, ಯಾವ ಶಾಲೆಯಲ್ಲಿ ಪರಿಹಾರ ಕೇಂದ್ರ, ಹೊಳೆ ಏರುತ್ತಿದೆಯೋ ಇಳಿಯುತ್ತಿದೆಯೋ: ಇದನ್ನು ಹೇಳಿ. ಬೇರೆ ದಿನಗಳಲ್ಲಿ ಆನೆ ಯಾವ ತೋಟದಲ್ಲಿದೆ ಎಂಬುದು ಬೆಳಗ್ಗೆ ಕೆಲಸಕ್ಕೆ ಹೊರಡುವವರ ಜೀವದ ಪ್ರಶ್ನೆ. ಅರಣ್ಯ ಇಲಾಖೆಯಿಂದ ಖಚಿತಪಡಿಸಿಕೊಳ್ಳದೆ ಅದನ್ನು ಹೇಳಲೇಬಾರದು.

5. ಸಮುದಾಯ ರೇಡಿಯೊ ಬಗ್ಗೆ ಗಂಭೀರವಾಗಿ ಯೋಚಿಸಿ.
2006ರಿಂದ ಲಾಭದಾಸೆಯಿಲ್ಲದ ಸಂಸ್ಥೆಗಳೂ ಸಮುದಾಯ ರೇಡಿಯೊ ನಡೆಸಬಹುದು. ಶಕ್ತಿ ಸಾಮಾನ್ಯವಾಗಿ 100 ವಾಟ್. ಕಾರ್ಯಕ್ರಮದ ಅರ್ಧವಾದರೂ ಸ್ಥಳೀಯವಾಗಿರಬೇಕು. ಗಡಿಯಾಚೆ ಮಾನಂದವಾಡಿಯ ಬಳಿ ರೇಡಿಯೊ ಮಾಟ್ಟೊಲಿ 2009ರಿಂದ ವಯನಾಡಿನ ರೈತರಿಗೆ, ಆದಿವಾಸಿಗಳಿಗೆ ದನಿಯಾಗಿದೆ. ಯಂತ್ರ ಕೊಳ್ಳುವುದಕ್ಕಿಂತ ಪ್ರತಿ ತಿಂಗಳ ಸಂಬಳ, ಕರೆಂಟ್ ಬಿಲ್ ಕಷ್ಟ. 2024ರಲ್ಲಿ ಜಾಹೀರಾತಿನ ಮಿತಿ ಗಂಟೆಗೆ 7ರಿಂದ 12 ನಿಮಿಷಕ್ಕೆ ಏರಿದ್ದು ಸ್ವಲ್ಪ ಆಸರೆ. ತೋಟದ ಮಾಲೀಕರು, ವರ್ತಕರು, ಸಹಕಾರ ಸಂಘಗಳು ಮೊದಲೇ ಮಾತು ಕೊಟ್ಟಿದ್ದರೆ ಮಾತ್ರ ಇಳಿಯಿರಿ.

6. ಒಡೆತನ ಬದಲಾದಾಗ ವೇಳಾಪಟ್ಟಿ ಕೇಳಿ.
ಹೊಸ ಹೆಸರು, ಹೊಸ ಜಿಂಗಲ್‌ನಿಂದ ಏನೂ ತಿಳಿಯುವುದಿಲ್ಲ. ಊರವರ ಧ್ವನಿಗೆ ದಿನಕ್ಕೆ ಎಷ್ಟು ಹೊತ್ತು ಉಳಿದಿದೆ, ಪ್ರವಾಹದ ರಾತ್ರಿ ಪ್ರಸಾರವನ್ನು ಮುಂದುವರಿಸುವ ಅಧಿಕಾರ ಇಲ್ಲಿರುವವರಿಗೆ ಇದೆಯೇ ಎಂದು ವಿಚಾರಿಸಿ. ಸರ್ಕಾರದ ಕೇಂದ್ರವಾದರೂ, ಕಂಪನಿಯದಾದರೂ ಈ ಪ್ರಶ್ನೆ ತಪ್ಪಬಾರದು. ಸ್ಥಳೀಯ ಅವಧಿ ಕಡಿಮೆಯಾದರೆ ಅದೇ ವಾರ ಪತ್ರ ಬರೆಯಿರಿ, ಕೇಳುಗರಿಂದಲೂ ಬರೆಸಿ. ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಅದರಲ್ಲಿ ಲೈನ್ ಮನೆಯ ಕೇಳುಗರಿಗೂ ಪಾಲಿದೆ, ಆ ಪಾಲನ್ನು ಕೇಳಿ ಪಡೆಯಬೇಕು.