ಬೋರ್ಡು ಬದಲಿಸಿದರೆ ಸಾಕೇ? – ದಾರಿ ತಪ್ಪಿಸಿದ ಒಂದು ಹೋಲಿಕೆ

ಬೋಧನಾಭ್ಯಾಸದ ಎರಡನೆಯ ವಾರ ಒಂಬತ್ತನೆಯ ತರಗತಿಗೆ ‘ಗಣಕಯಂತ್ರದ ಸಂಗ್ರಹಣಾ ಸಾಧನಗಳು’ ಪಾಠ ಮಾಡಿದೆ. ಬೋಧನೋಪಕರಣವಾಗಿ ಕೆಟ್ಟುಹೋದ ಒಂದು ಹಾರ್ಡ್ ಡಿಸ್ಕನ್ನು ಬಿಚ್ಚಿ ತೋರಿಸಿದೆ. ಹೊಳೆಯುವ ತಟ್ಟೆ, ಅದರ ಮೇಲೆ ಚಾಚಿದ ತೋಳು, ತೋಳಿನ ತುದಿಯಲ್ಲಿ ಹೆಡ್, ಕೆಳಬದಿಯಲ್ಲಿ ಸ್ಕ್ರೂ ಹಾಕಿ ಕೂರಿಸಿದ ಸರ್ಕ್ಯೂಟ್ ಬೋರ್ಡು. ಮಕ್ಕಳು ಬೆಂಚು ಬಿಟ್ಟು ಮೇಜಿನ ಸುತ್ತ ಬಂದು ನಿಂತರು.

‘ಮಾಹಿತಿ ಇರುವುದೆಲ್ಲಿ?’ ಎಂದು ಕೇಳಿದೆ. ‘ತಟ್ಟೆಯ ಮೇಲೆ’ ಎಂಬ ಉತ್ತರ ಬಂತು. ‘ಹಾಗಾದರೆ ಬೋರ್ಡು ಸುಟ್ಟರೆ ಮಾಹಿತಿ ಹೋಯಿತೇ?’ ಎಂಬ ಪ್ರಶ್ನೆಗೆ ನಾನೇ ಉತ್ತರ ಕೊಟ್ಟೆ: ‘ಇಲ್ಲ. ಟೇಪ್ ರೆಕಾರ್ಡರ್ ಕೆಟ್ಟರೆ ಕ್ಯಾಸೆಟ್ ಕೆಡುವುದಿಲ್ಲ, ಇನ್ನೊಂದರಲ್ಲಿ ಹಾಕಿದರೆ ಹಾಡುತ್ತದೆ. ಹಾಗೆಯೇ ಅದೇ ಮಾದರಿಯ ಬೇರೆ ಡಿಸ್ಕಿನ ಬೋರ್ಡು ತೆಗೆದು ಹಾಕಿದರಾಯಿತು.’ ಮೌಲ್ಯಮಾಪನದ ಹಂತದಲ್ಲಿ ಎಲ್ಲರೂ ಇದನ್ನೇ ಹೇಳಿದರು. ಪಾಠ ಯಶಸ್ವಿಯಾಯಿತೆಂದು ದಿನಚರಿಯಲ್ಲಿ ಬರೆದುಕೊಂಡೆ.

ಮುಂದಿನ ವಾರ ಒಬ್ಬ ಹುಡುಗಿ ಪಾಠ ಮುಗಿದ ಮೇಲೆ ಹತ್ತಿರ ಬಂದಳು. ಅವಳ ತಂದೆ ಫೋಟೋ ಸ್ಟುಡಿಯೋ ನಡೆಸುತ್ತಾರೆ. ಹೊರಗಿನಿಂದ ಜೋಡಿಸುವ ಡಿಸ್ಕಿಗೆ ಯಾರೋ ಮರೆತು ಲ್ಯಾಪ್‌ಟಾಪಿನ ಚಾರ್ಜರ್ ಚುಚ್ಚಿದ್ದರು. ಸುಟ್ಟ ವಾಸನೆ ಬಂದು ಡಿಸ್ಕು ನಿಂತುಹೋಗಿತ್ತು. ‘ನೀವು ಹೇಳಿದ್ದನ್ನ ಅಪ್ಪನಿಗೆ ಹೇಳಿದೆ ಮೇಡಂ. ಅದೇ ಮಾಡೆಲ್ ಹಳೇದು ತಂದು ಬೋರ್ಡು ಹಾಕಿದ್ರು. ಈಗ ತಿರುಗುತ್ತೆ, ಆದ್ರೆ ಟಕ್ ಟಕ್ ಅನ್ನುತ್ತೆ. ಕಂಪ್ಯೂಟರಿನಲ್ಲಿ ಕಾಣೋದೇ ಇಲ್ಲ.’ ಅದರಲ್ಲಿ ಇನ್ನೂ ಕೊಡಬೇಕಾಗಿದ್ದ ಎರಡು ಮದುವೆಗಳ ಫೋಟೋಗಳಿದ್ದವು.

ಡಿಸ್ಕಿಗೆ ಮತ್ತೆ ವಿದ್ಯುತ್ ಕೊಡಬಾರದು, ಹಳೆಯ ಬೋರ್ಡನ್ನು ಎಸೆಯಬಾರದು ಎಂದು ಹೇಳಿ ಕಳುಹಿಸಿದೆ. ಆಮೇಲೆ ನಾನು ಓದಲು ಕುಳಿತೆ.

ತಪ್ಪಿದ್ದು ಎಲ್ಲಿ?

ನಾನು ಹೇಳಿದ್ದು ಹಳೆಯ ಕಾಲದ ಎಷ್ಟೋ ಡಿಸ್ಕುಗಳ ಮಟ್ಟಿಗೆ ನಿಜ. ಈಗಿನ ಡಿಸ್ಕುಗಳ ಕಥೆ ಬೇರೆ. ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ತಯಾರಾದ ಎರಡು ಡಿಸ್ಕುಗಳ ಹೆಡ್‌ಗಳೂ ತದ್ವತ್ ಒಂದೇ ಆಗಿರುವುದಿಲ್ಲ. ತಟ್ಟೆಗೂ ಹೆಡ್ಡಿಗೂ ಇರುವ ಅಂತರ ಕೆಲವೇ ನ್ಯಾನೋಮೀಟರ್ ಆದ್ದರಿಂದ ಸಣ್ಣ ವ್ಯತ್ಯಾಸವೂ ದೊಡ್ಡದೇ. ಹೀಗಾಗಿ ಜೋಡಣೆಯ ನಂತರ ಪ್ರತಿ ಡಿಸ್ಕನ್ನೂ ಪರೀಕ್ಷಿಸಿ, ಅದರ ಹೆಡ್‌ಗಳಿಗೆ ಹೊಂದುವ ಅಳತೆಗಳನ್ನು ಬೋರ್ಡಿನ ಮೇಲಿನ ‘ರಾಮ್’ ಅಲ್ಲದ, ಅಳಿಯದ ‘ರೋಮ್’ ಚಿಪ್ಪಿನಲ್ಲಿ ಬರೆದಿಡುತ್ತಾರೆ. ಸಾಮಾನ್ಯವಾಗಿ ಅದು ಎಂಟು ಕಾಲಿನ ಪುಟ್ಟ ಚಿಪ್ಪು. ಕೆಲವು ಬೋರ್ಡುಗಳಲ್ಲಿ ಪ್ರತ್ಯೇಕವಾಗಿರದೆ ಮುಖ್ಯ ಚಿಪ್ಪಿನೊಳಗೇ ಅಡಗಿರುತ್ತದೆ. ಬೇರೆ ಡಿಸ್ಕಿನ ಅಳತೆ ಹಿಡಿದು ಹೊರಟ ಹೆಡ್ಡಿಗೆ ತನ್ನ ಜಾಡು ಸಿಗುವುದಿಲ್ಲ. ಹುಡುಕಿ ಹುಡುಕಿ ಹಿಂದಿರುಗುವ ಸದ್ದೇ ಆ ಟಕ್ ಟಕ್. ಆದ್ದರಿಂದ ಬೋರ್ಡು ಬದಲಿಸುವವರು ಬೋರ್ಡಿನ ಮೇಲೆ ಮುದ್ರಿಸಿದ ಸಂಖ್ಯೆಯನ್ನು ಹೊಂದಿಸಿ, ಹಳೆಯ ಬೋರ್ಡಿನ ರೋಮ್ ಚಿಪ್ಪನ್ನು ಬಿಡಿಸಿ ಹೊಸದಕ್ಕೆ ಬೆಸುಗೆ ಹಾಕುತ್ತಾರೆ.

ಮರುಪಾಠ

ಮರುದಿನ ತರಗತಿಯಲ್ಲಿ ‘ನಾನು ಹೇಳಿದ್ದು ಅರ್ಧ ತಪ್ಪು’ ಎಂದೇ ಪೀಠಿಕೆ ಹಾಕಿದೆ. ಕನ್ನಡಕ ಹಾಕುವ ಇಬ್ಬರನ್ನು ಮುಂದೆ ಕರೆದು, ಕನ್ನಡಕ ಅದಲುಬದಲು ಮಾಡಿಸಿ ಕಪ್ಪುಹಲಗೆ ಓದಿಸಿದೆ. ಇಬ್ಬರೂ ತಡವರಿಸಿದರು. ‘ಎರಡಕ್ಕೂ ಫ್ರೇಮು ಒಂದೇ ತರ ಇದೆಯಲ್ಲ, ಯಾಕೆ ಕಾಣಿಸುತ್ತಿಲ್ಲ?’ ಎಂದೆ. ‘ನಂಬರ್ ಬೇರೆ ಮೇಡಂ!’ ‘ಫ್ರೇಮು ಮುರಿದರೆ ಏನು ಮಾಡುತ್ತೀರಿ?’ ‘ಹೊಸ ಫ್ರೇಮಿಗೆ ನಮ್ಮ ಗ್ಲಾಸೇ ಹಾಕಿಸ್ತೀವಿ.’ ಫ್ರೇಮು ಬೋರ್ಡು, ಗ್ಲಾಸು ರೋಮ್ ಚಿಪ್ಪು ಎಂಬುದನ್ನು ನಾನು ಹೇಳಬೇಕಾಗಲಿಲ್ಲ.

ಆಮೇಲೆ ಲಕ್ಷಣ ನೋಡಿ ಕಾರಣ ಊಹಿಸುವ ಪಟ್ಟಿಯನ್ನು ಮಕ್ಕಳೊಂದಿಗೆ ಸೇರಿ ಬರೆದೆ. ತಿರುಗದೆ ಸುಟ್ಟ ವಾಸನೆ ಬಂದಿದ್ದರೆ ಬೋರ್ಡಿನ ಮೇಲೆ ಅನುಮಾನ. ಬೋರ್ಡು ಮುಟ್ಟುವ ಮೊದಲೇ ಟಕ್ ಟಕ್ ಸದ್ದಿದ್ದರೆ ಹೆಚ್ಚಾಗಿ ಹೆಡ್ಡಿನ ದೋಷ. ಬೋರ್ಡು ಬದಲಿಸಿ ಫಲವಿಲ್ಲ. ಮಾಹಿತಿ ಬೇಕಾದ ಡಿಸ್ಕಿನ ಮುಚ್ಚಳವನ್ನು ತೆರೆಯಲೇಬಾರದು, ಒಂದು ಕಣ ಧೂಳು ಸಾಕು ಕೆಡಿಸಲು.

ಸ್ಟುಡಿಯೋದ ಹಳೆಯ ಬೋರ್ಡನ್ನು ಪರಿಚಿತ ರಿಪೇರಿಯವರು ಮಲ್ಟಿಮೀಟರಿನಿಂದ ಪರೀಕ್ಷಿಸಿದರು. ಬೋರ್ಡಿಗೆ 12 ವೋಲ್ಟ್ ಮತ್ತು 5 ವೋಲ್ಟ್ ಬರುವ ದಾರಿಗಳಲ್ಲಿ ಒಂದೊಂದು ರಕ್ಷಣಾ ಡಯೋಡ್ ಇರುತ್ತದೆ. ಹೆಚ್ಚು ವೋಲ್ಟೇಜ್ ಬಂದಾಗ ಅದು ತಾನು ಶಾರ್ಟ್ ಆಗಿ ಉಳಿದದ್ದನ್ನು ಕಾಯುತ್ತದೆ. ಇಲ್ಲಿ 12 ವೋಲ್ಟಿನ ಡಯೋಡ್ ಮಾತ್ರ ಹೋಗಿತ್ತು. ಅದನ್ನು ಬಿಡಿಸಿ, ಹಳೆಯ ಬೋರ್ಡನ್ನೇ ಕೂರಿಸಿ, ಸರಿಯಾದ ವಿದ್ಯುತ್ ಕೊಟ್ಟಾಗ ಡಿಸ್ಕು ಕಾಣಿಸಿತು. ಈಗ ಅದಕ್ಕೆ ರಕ್ಷಣೆಯಿಲ್ಲದ್ದರಿಂದ ಆಗಲೇ ಎಲ್ಲವನ್ನೂ ಬೇರೆಡೆಗೆ ನಕಲು ಮಾಡಿಕೊಂಡರು. ಬೋರ್ಡು ಬದಲಿಸುವ ಅಗತ್ಯವೇ ಇರಲಿಲ್ಲ.

ಅವಲೋಕನ

ಮಾರ್ಗದರ್ಶಕರು ನನ್ನ ಮೊದಲ ಪಾಠಯೋಜನೆಯನ್ನು ಮತ್ತೊಮ್ಮೆ ನೋಡಿ, ‘ಹೋಲಿಕೆ ಎಲ್ಲಿ ಮುರಿಯುತ್ತದೆ ಅಂತ ಬರೆದಿಲ್ಲವಲ್ಲಮ್ಮ’ ಎಂದರು. ಈಗ ನನ್ನ ಪಾಠಯೋಜನೆಯಲ್ಲಿ ಪ್ರತಿ ಹೋಲಿಕೆಯ ಪಕ್ಕದಲ್ಲಿ ಅದಕ್ಕಾಗಿ ಒಂದು ಅಂಕಣವಿದೆ. ಕನ್ನಡಕದ್ದಕ್ಕೂ ಬರೆದಿದ್ದೇನೆ: ಕನ್ನಡಕದ ನಂಬರನ್ನು ಮತ್ತೆ ಪರೀಕ್ಷಿಸಿ ಪಡೆಯಬಹುದು, ಕಳೆದುಹೋದ ರೋಮ್‌ನ ಅಳತೆಗಳನ್ನು ಅಂಗಡಿಯಲ್ಲಿ ಹಾಗೆ ಪಡೆಯಲಾಗದು. ಮೌಲ್ಯಮಾಪನದಲ್ಲಿ ಎಲ್ಲರೂ ‘ಸರಿ’ ಉತ್ತರ ಕೊಟ್ಟದ್ದು ನಾನು ಹೇಳಿಕೊಟ್ಟದ್ದಕ್ಕೆ ಸಾಕ್ಷಿಯಾಗಿತ್ತೇ ಹೊರತು ಅದು ನಿಜವೆಂಬುದಕ್ಕೆ ಅಲ್ಲ. ತರಗತಿಯ ಮಾತು ಸಂಜೆಗೆ ಮನೆ ಸೇರುತ್ತದೆ, ಅಲ್ಲಿ ಅದನ್ನು ನಂಬಿ ಸ್ಕ್ರೂ ಬಿಚ್ಚುವವರಿರುತ್ತಾರೆ.